ಉಪ್ಪಿನಕಾಯಿ ಭರಣಿಯ ಮೇಲಿನ ನಮ್ಮಣ್ಣ

ಗಂಡಸಿಗೆ ಐವತ್ತೈದು ದಾಟಿದ ಮೇಲೆ ಒಂದು ಹುಚ್ಚು ಹಿಡಿಯಲೇಬೇಕು. ಹಿಡಿಯದಿದ್ದರೆ ಅವನು ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಒಗ್ಗರಣಿಗಿ ಅಷ್ಟ್ಯಾಕ ಎಣ್ಣಿ?" ಎಂದು ಕೇಳಿ ಮನೆಯವರಿಗೆಲ್ಲ ಹುಚ್ಚು ಹಿಡಿಸುತ್ತಾನೆ. ಇದು ನನ್ನ ಸಿದ್ಧಾಂತವಲ್ಲ, ನನ್ನ ಹೆಂಡತಿ ಶಾಂತಾಳದು. ನನ್ನ ಗೆಳೆಯರಲ್ಲಿ ಒಬ್ಬನಿಗೆ ಗುಲಾಬಿ ಗಿಡದ ಹುಚ್ಚು, ಒಬ್ಬನಿಗೆ ಭಜನೆಯ ಹುಚ್ಚು, ಇನ್ನೊಬ್ಬನಿಗೆ ನಸುಕಿನಲ್ಲೆದ್ದು ಊರಿಗೆಲ್ಲ ಫೋನಿನಲ್ಲಿ ಹೂವಿನ ಚಿತ್ರದ ಶುಭೋದಯ ಕಳಿಸುವ ಹುಚ್ಚು. ಇವೆಲ್ಲ ಸಮಾಜ ಒಪ್ಪಿಕೊಂಡ ಹುಚ್ಚುಗಳು. ನನಗೆ ಹಿಡಿದದ್ದು ಕಲ್ಲಿನ ಹುಚ್ಚು. ಹೊಲದಲ್ಲೋ ಹೊಳೆದಂಡೆಯಲ್ಲೋ ಬಿದ್ದ ಒರಟು ಕಲ್ಲುಗಳನ್ನು ಆಯ್ದು ತರುವುದು, ನೀರು ಮತ್ತು ಅರೆಯುವ ಪುಡಿಯ ಜೊತೆ ಒಂದು ಡ್ರಮ್ಮಿನಲ್ಲಿ ಹಾಕುವುದು, ಅದನ್ನು ಮೋಟರಿನಿಂದ ವಾರಗಟ್ಟಲೆ ಉರುಳಿಸುವುದು, ಕೊನೆಗೆ ಕನ್ನಡಿಯಂತೆ ಹೊಳೆಯುವ ಕಲ್ಲುಗಳನ್ನು ಹೊರಗೆ ತೆಗೆದು ಬಾಯಿ ತೆರೆದು ನಿಲ್ಲುವುದು. ಇಷ್ಟೇ ಹವ್ಯಾಸ. "ಆಮ್ಯಾಲ ಆ ಕಲ್ಲು ಏನ ಮಾಡ್ತೀರಿ?" ಎಂದು ಕೇಳುವವರಿಗೆ ನನ್ನದೂ ಒಂದು ಪ್ರಶ್ನೆಯಿದೆ. ಹುಣ್ಣಿಮೆಯ ಚಂದ್ರನನ್ನು ನೋಡಿ ಆಮೇಲೆ ಏನು ಮಾಡುತ್ತೀರಿ ಎಂದು ಅವರನ್ನು ಯಾರಾದರೂ ಕೇಳಿದ್ದಾರೆಯೇ?

ನಾನು ಗಡಿಯಾಚೆ ಮರಾಠಿ ಸೀಮೆಯ ಇಚಲಕರಂಜಿಯವನು, ಮನೆಮಾತು ಕನ್ನಡ. ಊರ ತುಂಬ ಪಾವರ್‌ಲೂಮುಗಳು. ನಾನು ಆ ಮಗ್ಗಗಳಿಗೆ ನೂಲು ಹೊಂದಿಸಿಕೊಡುವ ದಲಾಲಿಯಲ್ಲಿ ಆಯುಷ್ಯ ಕಳೆದವನು. ಕೈಯಲ್ಲಿ ಸದಾ ಹತ್ತಿ, ದಾರ, ಮೆತ್ತಗಿನ ವಸ್ತುಗಳೇ. ಕಲ್ಲಿನಂಥ ಗಟ್ಟಿ ಪದಾರ್ಥ ನನ್ನ ಬದುಕಿನಲ್ಲಿ ಬಂದದ್ದೆಂದರೆ ಅನ್ನದಲ್ಲಿ, ಅದೂ ನಾನು ಶಾಂತಾಳೊಡನೆ ವಾದ ಮಾಡಿದ ದಿನ. ಮನೆಯಲ್ಲಿ ನಾವು ಮೂವರು: ನಾನು, ಶಾಂತಾ, ಮತ್ತು ಎಂಬತ್ತು ದಾಟಿದರೂ ನನ್ನನ್ನು ಇನ್ನೂ ಅರೆಬೆಂದವನೆಂದೇ ತಿಳಿದಿರುವ ನಮ್ಮ ಅವ್ವ. ಒಬ್ಬಳೇ ಮಗಳು ಗೌರಿ, ಕೊಲ್ಹಾಪುರಕ್ಕೆ ಕೊಟ್ಟಿದ್ದೇವೆ.

ಹುಚ್ಚು ಹತ್ತಿದ್ದು ಗಡಹಿಂಗ್ಲಜದ ಕಡೆ. ಅಲ್ಲಿ ಹಿರಣ್ಯಕೇಶಿ ಹೊಳೆಯ ದಂಡೆಯ ಒಂದು ಹಳ್ಳಿ ನಮ್ಮವ್ವನ ತವರು. ಸೋದರಮಾವನ ಮಗ ಊಟಕ್ಕೆ ಕರೆದಿದ್ದ. ಶೇಂಗಾದ ಹೋಳಿಗೆ ಎಷ್ಟು ತಿಂದೆನೆಂದು ಹೇಳುವುದಿಲ್ಲ. ತಿಂದದ್ದು ಇಳಿಯಲೆಂದು ಹೊಲದ ಕಡೆ ಕಾಲೆಳೆದುಕೊಂಡು ಹೊರಟೆ. ಕಬ್ಬು ಕಡಿದು, ಟ್ರ್ಯಾಕ್ಟರಿನಿಂದ ಆಳವಾಗಿ ನೇಗಿಲು ಹೊಡೆಸಿದ ಕರಿ ಹೊಲ. ಹಿಂದಿನ ದಿನವಷ್ಟೇ ದೊಡ್ಡ ಮಳೆಯಾಗಿತ್ತು. ಮಣ್ಣು ತೊಳೆದುಹೋಗಿ ಹೊಲದ ತುಂಬ ಏನೇನೋ ಮಿನುಗುತ್ತಿತ್ತು. ಒಂದನ್ನು ಎತ್ತಿದೆ. ಕೆಂಪು ಕಲ್ಲು, ಒಳಗೆ ಬಿಳಿ ಎಳೆಗಳು, ನಮ್ಮ ನೂಲಿನ ಲಡಿ ಬಿಚ್ಚಿಟ್ಟಂತೆ. ಎಲಾ ಇದರ ಎಂದು ಕರವಸ್ತ್ರದಲ್ಲಿ ಒರೆಸಿದರೆ, ಬಣ್ಣವೆಲ್ಲ ಹೋಗಿ ಮುಸುಡಿ ಸೊಟ್ಟ ಮಾಡಿದ ಒಂದು ಸಾದಾ ಕಲ್ಲು ಕೈಯಲ್ಲಿ ಉಳಿಯಿತು. ಒದ್ದೆಯಾದರೆ ಮಾತ್ರ ಮುಖ ತೋರಿಸುವ ಜಾತಿ. ಹತ್ತಿರ ನೀರಿಲ್ಲ. ಆಚೀಚೆ ನೋಡಿದೆ, ಯಾರೂ ಇಲ್ಲ. ನೆಕ್ಕಿದೆ. ಆಹಾ! ಬಣ್ಣ ಮರಳಿ ಬಂತು. ಇನ್ನೊಂದನ್ನು ನೆಕ್ಕಿದೆ, ಅದು ಜೇನಿನ ಬಣ್ಣ. ಮೂರನೆಯದನ್ನು ನೆಕ್ಕುವಾಗ ಹಿಂದಿನಿಂದ ಶಾಂತಾಳ ದನಿ ಬಂತು.

"ರೀ! ಉಂಡು ಇನ್ನೂ ತಾಸು ಆಗಿಲ್ಲ, ಕಲ್ಲು ನೆಕ್ಕಾಕತ್ತೀರಲ್ಲರಿ! ಮಂದಿ ನೋಡಿದ್ರ, ಮಾವನ ಮನ್ಯಾಗ ಹೊಟ್ಟಿತುಂಬ ಹಾಕಿಲ್ಲ ಅಂತ ತಿಳ್ಕೊಂಡಾರು!"

ಒಂದು ಚೀಲ ಕಲ್ಲು ಹೊತ್ತು ಮನೆಗೆ ಬಂದ ಮೇಲೆ ನಾನು ಫೋನಿನಲ್ಲಿ ಹುಡುಕಿ ಓದಿದೆ, ವಿಡಿಯೋ ನೋಡಿದೆ, ನೋಡಿ ನೋಡಿ ಬೆರಗಾದೆ. ನಾವು ಕಟ್ಟೆ ಕಟ್ಟುವ, ಗೋಡೆ ಕಟ್ಟುವ, ಎಡವಿ ಬೈಯುವ ಈ ಕರಿಕಲ್ಲು ಒಂದು ಕಾಲಕ್ಕೆ ಕುದಿಯುವ ಬೆಂಕಿಯ ಹೊಳೆಯಾಗಿತ್ತಂತೆ. ಕಾದ ಹಂಚಿನ ಮೇಲೆ ದೋಸೆ ಹುಯ್ದಾಗ ತೂತು ಬೀಳುತ್ತವಲ್ಲ, ಹಾಗೆ ಆ ಬೆಂಕಿ ಆರುವಾಗ ಅದರೊಳಗೆ ಗುಳ್ಳೆಗಳು ಉಳಿದವಂತೆ. ಆ ಗುಳ್ಳೆಗಳೊಳಗೆ ನೀರು ಜಿನುಗಿ ಜಿನುಗಿ, ಒಂದು ಪದರ, ಅದರ ಮೇಲೊಂದು ಪದರ, ಹೀಗೆ ಎಷ್ಟು ಕಾಲವೋ ಬಲ್ಲವರಾರು, ಒಳಗೇ ಒಂದು ಬಣ್ಣದ ಕಲ್ಲು ಬೆಳೆಯಿತಂತೆ. ಯಾರೂ ನೋಡುವವರಿಲ್ಲದ ಕತ್ತಲಲ್ಲಿ, ಯಾರಿಗೂ ತೋರಿಸುವ ಆಸೆಯಿಲ್ಲದೆ! ನಾನೋ, ಮನೆಗೆ ಸುಣ್ಣ ಬಳಿಸಿದರೆ ಬೀಗರನ್ನು ಕರೆದು ತೋರಿಸುವವನು. ನಿಜ ಹೇಳುತ್ತೇನೆ, ಅದನ್ನು ಓದಿದ ಮೇಲೆ ಮನೆಯ ಮೆಟ್ಟಿಲಿನ ಮೇಲೆ ಕಾಲಿಡಲು ನನಗೆ ಒಂದೆರಡು ದಿನ ಸಂಕೋಚವಾಯಿತು.

ಇನ್ನು ಯಂತ್ರ. ಪೇಟೆಯಲ್ಲಿ ತಯಾರಾದದ್ದು ಸಿಗುತ್ತದೆ, ಆದರೆ ಇಚಲಕರಂಜಿಯವನು ತಿರುಗುವ ಯಂತ್ರವನ್ನು ಹೊರಗಿನಿಂದ ತರಿಸಿದನೆಂದರೆ ಊರ ಮಾನ ಏನಾಗಬೇಕು? ನಮ್ಮಲ್ಲಿ ಮಗ್ಗ ರಿಪೇರಿ ಮಾಡುವವರನ್ನು ಜಾಬರ್ ಎನ್ನುತ್ತೇವೆ. ಬಾಳು ಜಾಬರ್ ನನ್ನ ಹಳೆಯ ದೋಸ್ತ, ಮರಾಠಿಯವನು, ನನ್ನ ಕೂಡ ಅರ್ಧ ಕನ್ನಡ ಅರ್ಧ ಮರಾಠಿ ಮಾತಾಡುತ್ತಾನೆ. ನನ್ನ ಯೋಜನೆಯನ್ನು ಪೂರ್ತಿ ಕೇಳಿ ತಲೆ ಕೆರೆದುಕೊಂಡ.

"ಶೇಠ, ದಗಡ ಫಿರವೂನ ಕಾಯ ಮಿಳಣಾರ? ಕಲ್ಲು ತಿರಿಗಿಸಿ ಏನ್ ಸಿಗತದರಿ?"

"ಹೊಳಪು ಸಿಗತದ."

"ಹುಪರಿಯಾಗ ಬೆಳ್ಳಿ ಗೆಜ್ಜಿ ಡ್ರಮ್ಮಿನ್ಯಾಗ ಹಾಕಿ ತಿರಿಗಿಸ್ತಾರ, ತಿಳೀತದ. ಅದು ಚಾಂದೀ. ಇದು ದಗಡ!"

ಹೀಗೆ ಅಂದನೇ ಹೊರತು, ಅವನ ಕಣ್ಣು ಆಗಲೇ ಮೂಲೆಯ ಹಳೆ ಸಾಮಾನಿನ ಕಡೆ ಹೋಗಿತ್ತು. ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟಂತಾಗಿತ್ತು ಅವನಿಗೆ. ಎರಡು ಕಬ್ಬಿಣದ ಉರುಳೆ, ನಾಲ್ಕು ಬೇರಿಂಗು, ಒಂದು ಸಣ್ಣ ಮೋಟರು, ಪಟ್ಟಾ, ದಪ್ಪ ಪೈಪಿನ ತುಂಡಿಗೆ ಒಳಗೆ ರಬ್ಬರಿನ ಅಸ್ತರು ಕೊಟ್ಟು ಮಾಡಿದ ಡ್ರಮ್ಮು. ಉರುಳೆಗಳ ಮೇಲೆ ಡ್ರಮ್ಮು ಮಲಗಿ ಗರಗರ ತಿರುಗತೊಡಗಿದಾಗ ಬಾಳು ತನ್ನ ಕೂಸಿನ ಮೊದಲ ಹೆಜ್ಜೆ ನೋಡಿದವನಂತೆ ನಕ್ಕ. ಕೊಲ್ಹಾಪುರದಲ್ಲಿ ಫೌಂಡ್ರಿ ಸಾಮಾನು ಮಾರುವ ಅಂಗಡಿಯಿಂದ ನಾನು ಅರೆಯುವ ಪುಡಿಗಳನ್ನು ತಂದೆ. ಮೊದಲ ವಾರಕ್ಕೆ ಉಸುಕಿನಂಥದು, ಆಮೇಲೆ ರವೆಯಂಥದು, ಆಮೇಲೆ ಹಿಟ್ಟಿನಂಥದು, ಕಡೆಗೆ ಹೊಳಪು ಕೊಡುವ ಬಿಳಿ ಪುಡಿ. ಒಟ್ಟು ತಿಂಗಳ ಮೇಲಿನ ಮಾತು. ನಡುವೆ ಅವಸರ ಮಾಡಿದರೆ ಎಲ್ಲ ಕೆಟ್ಟಂತೆ.

ನಮ್ಮ ಊರಿನ ಮಗ್ಗಗಳ ಸದ್ದಿನಲ್ಲಿ ಆನೆ ಘೀಳಿಟ್ಟರೂ ಯಾರಿಗೂ ಕೇಳುವುದಿಲ್ಲ. ಆದರೆ ಮಗ್ಗಗಳಿಗೆ ವಾರದ ಸೂಟಿ ಇದೆಯಲ್ಲ! ಆ ದಿನ ಊರು ಗಪ್ಪಾದಾಗ ನನ್ನ ಡ್ರಮ್ಮಿನ ದನಿ ಓಣಿಯ ತುಂಬ ಕೇಳಿಸಿತು. ಪಕ್ಕದ ಮನೆಯ ಮರಾಠಿಯವರು, ಓಣಿಗೆಲ್ಲ ವಹಿನಿ, ಅಂದರೆ ಅತ್ತಿಗೆ, ಒಂದು ಡಬ್ಬಿ ಗೋಧಿ ಹೊತ್ತು ಬಂದೇಬಿಟ್ಟರು. "ಕಾಕಾ, ಘರಘಂಟಿ ಘೇತ್ಲೀ ಕಾಯ? ಜರಾ ಬಾರೀಕ ದಳಾ ಹಂ!" ಎಂದರು. ಮನೆಯಲ್ಲೇ ಹಿಟ್ಟು ಬೀಸುವ ಗಿರಣಿ ತಂದಿದ್ದೇವೆಂದು ತಿಳಿದು, ಸಣ್ಣಗೆ ಬೀಸಿಕೊಡಿ ಎಂಬ ಅಪ್ಪಣೆ. ಅದರಲ್ಲಿ ಕಲ್ಲು ಬೀಸುತ್ತಿದ್ದೇನೆ ಎಂದು ವಿವರಿಸಿದೆ. ಅವರು ಡಬ್ಬಿಯನ್ನು ಎದೆಗವಚಿಕೊಂಡು ಶಾಂತಾಳ ಕಡೆ ನೋಡಿದ ನೋಟ ಇದೆಯಲ್ಲ, ಅದು ಸಾವಿನ ಮನೆಗೆ ಬಂದವರ ನೋಟ.

ಮೊದಲ ಸಲದ ಕಲ್ಲುಗಳು ಕೆಟ್ಟವು. ಅದಕ್ಕಿಂತ ಕೆಟ್ಟದ್ದು ಬಚ್ಚಲ ಮೋರಿ. ಡ್ರಮ್ಮಿನಿಂದ ಬಂದ ಬೂದಿ ಬಣ್ಣದ ರಾಡಿಯನ್ನು ನಾನು ಮೋರಿಗೆ ಸುರಿದಿದ್ದೆ. ಅದು ಒಳಗೆ ಕೂತು ಸಿಮೆಂಟಿನಂತೆ ಬಿಗಿದು, ಸ್ನಾನದ ನೀರೆಲ್ಲ ನಡುಮನೆಗೆ ದರ್ಶನ ಕೊಟ್ಟಿತು. ಅವ್ವ ಕಾಲು ಮೇಲೆತ್ತಿಕೊಂಡು ಮಂಚದ ಮೇಲೆ ಕೂತು, "ಕೆಲಸಿಲ್ಲದ ಬಡಿಗ್ಯಾ ಮಗನ ಕುಂಡಿ ಕೆತ್ತಿದ್ನಂತ. ನಮ್ಮ ಬಸೂಗ ಮಗನೂ ಇಲ್ಲ, ಪಾಪ, ಮೋರಿ ಕೆತ್ತ್ಯಾನ," ಎಂದಳು. ಅಂದಿನಿಂದ ರಾಡಿಗೆ ಹಿತ್ತಲಲ್ಲಿ ಒಂದು ಗುಂಡಿ ಮಂಜೂರಾಯಿತು.

ಕಲ್ಲುಗಳು ಯಾಕೆ ಕೆಟ್ಟವೆಂದು ಮತ್ತೆ ಫೋನಿಗೆ ಮೊರೆಹೋದೆ. ಗೊತ್ತಾಯಿತು: ಬರೀ ಸಣ್ಣ ಕಲ್ಲು ಹಾಕಿದರೆ ಅವು ಒಂದರ ಮೇಲೊಂದು ಜಾರುತ್ತವೆ, ಅರೆಯುವುದಿಲ್ಲ. ಅವುಗಳ ನಡುವೆ ಒಂದು ದೊಡ್ಡದು ಬೇಕು. ಕೂಡು ಕುಟುಂಬಕ್ಕೆ ಒಬ್ಬ ಹಿರಿಯ ಇದ್ದಂತೆ. ಅವನು ಉರುಳಿದಾಗ ಎಲ್ಲರೂ ತಿಕ್ಕಿಸಿಕೊಳ್ಳುತ್ತಾರೆ. ಸರಿ, ದೊಡ್ಡ ಕಲ್ಲು ಹುಡುಕಿದೆ. ಹಿತ್ತಲಲ್ಲಿ ಸಿಕ್ಕವೆಲ್ಲ ಇಟ್ಟಂಗಿ ಚೂರು. ಅಡಿಗೆಮನೆಗೆ ಬಂದೆ. ಕಪಾಟಿನ ಮೂಲೆಯಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಭರಣಿ. ಬಾಯಿಗೆ ಬಟ್ಟೆ, ಬಟ್ಟೆಯ ಮೇಲೆ ತಾಟು, ತಾಟಿನ ಮೇಲೆ ಪೇರಲಹಣ್ಣಿನಷ್ಟು ದೊಡ್ಡ ಒಂದು ಕರಿ ಕಲ್ಲು. ಗುಂಡಗೆ, ಎಣ್ಣೆ ಕುಡಿದು ಜಿಡ್ಡು ಹಿಡಿದು, ಇದ್ದೂ ಇಲ್ಲದಂತೆ ಕೂತಿತ್ತು. ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ ಅದನ್ನು. ಅದರಿಂದ ಶೇಂಗಾ ಒಡೆಯುತ್ತಿದ್ದರು, ಬಾಗಿಲಿಗೆ ಅಡ್ಡ ಇಡುತ್ತಿದ್ದರು, ಉಳಿದಂತೆ ಅದು ಉಪ್ಪಿನಕಾಯಿ ಕಾಯುತ್ತಿತ್ತು. ಅದರ ಜಾಗಕ್ಕೆ ಒಂದು ತುಂಬಿದ ತಂಬಿಗೆ ಇಟ್ಟು, ಕಲ್ಲನ್ನು ಸಾಬೂನಿನಿಂದ ತಿಕ್ಕಿ, ಆ ಕೆಟ್ಟ ಕಲ್ಲುಗಳ ಜೊತೆಗೇ ಡ್ರಮ್ಮಿಗೆ ಇಳಿಸಿದೆ. ಎಷ್ಟು ಸರಳ! ಈ ಬುದ್ಧಿ ನೂಲಿನ ದಲಾಲಿಯಲ್ಲಿ ಇದ್ದಿದ್ದರೆ ನಾನು ಎಲ್ಲಿಗೋ ಮುಟ್ಟುತ್ತಿದ್ದೆ.

ಅಷ್ಟರಲ್ಲಿ ಗೌರಿ ಚೊಚ್ಚಲ ಹೆರಿಗೆಗೆಂದು ಬಂದಿದ್ದಳು. ಡ್ರಮ್ಮು ತನ್ನ ಮೊದಲ ಹಂತ ಮುಗಿಸುವುದಕ್ಕೂ ಅವಳು ಹೆಣ್ಣು ಮಗು ಹೆರುವುದಕ್ಕೂ ಸರಿಹೋಯಿತು. ದವಾಖಾನೆಯಲ್ಲಿ ನರ್ಸಮ್ಮ ಆ ಕೂಸನ್ನು ತಂದು ನನ್ನ ಕೈಯಲ್ಲಿಟ್ಟಾಗ, ಮುಚ್ಚಿದ ಅದರ ಮುಷ್ಟಿಯನ್ನು ನೋಡುತ್ತ ನಿಂತುಬಿಟ್ಟೆ. ಕತ್ತಲಲ್ಲಿ ಪದರ ಪದರವಾಗಿ ಬೆಳೆದು ಬರುವವು ಕಲ್ಲುಗಳಷ್ಟೇ ಅಲ್ಲವಲ್ಲ ಎಂದುಕೊಂಡೆ. ಕಣ್ಣಲ್ಲಿ ನೀರು ಬಂತು. ಶಾಂತಾ, "ಕೂಸಿನ್ನ ನೆಕ್ಕಿ ನೋಡಬ್ಯಾಡ್ರಿ ಮತ್ತ," ಎಂದಳು.

ಮನೆಗೆ ಬಂದು ವಾರವಾಗಿ, ಡ್ರಮ್ಮಿನಲ್ಲಿ ರವೆಯಂಥ ಪುಡಿಯ ಹಂತವೂ ಮುಗಿಯುತ್ತ ಬಂದಾಗ, ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಗೊತ್ತಾಯಿತು. ಎರಡು ವಾರವಿತ್ತು. ಅವ್ವ ಅಂದೇ ಟ್ರಂಕು ತೆಗೆಸಿ, ಹಳೆಯ ಕುಂಚಿಗೆ ಹೊರಗೆ ತೆಗೆದು ಬಿಸಿಲಿಗೆ ಹಾಕಿಸಿದಳು. ಕುಂಚಿಗೆಯೆಂದರೆ ಕೂಸಿನ ತಲೆಗೂ ಬೆನ್ನಿಗೂ ಕೂಡಿಯೇ ಹೊದಿಸುವ ಟೊಪ್ಪಿಗೆ. ಆಮೇಲೆ ಕೋಲೂರಿಕೊಂಡು ಅಡಿಗೆಮನೆಗೆ ಹೋದಳು. ಹೊರಗೆ ಬಂದವಳು ನನ್ನ ಮುಂದೆ ನಿಂತು ಕೇಳಿದಳು:

"ಬಸೂ, ನಿಮ್ಮಣ್ಣ ಎಲ್ಲಿ ಹೋಗ್ಯಾನ?"

ನನಗೆ ಅಣ್ಣನಿಲ್ಲ. ನಾನೇ ಹಿರಿಯ. ಅವ್ವನಿಗೆ ಅರಳುಮರುಳಾಯಿತೆಂದುಕೊಂಡೆ. "ಯಾವ ಅಣ್ಣ, ಅವ್ವಾ?" ಎಂದೆ ಮೆತ್ತಗೆ.

"ಯಾವ ಅಣ್ಣ ಅಂತ ಕೇಳ್ತೀ ನನ್ನ? ಗುಂಡಪ್ಪ! ಉಪ್ಪಿನಕಾಯಿ ಮ್ಯಾಲ ಕುಂತಿದ್ದ. ಅಲ್ಲಿ ತಂಬಿಗಿ ಕುಂತೈತಿ."

ಈ ಗುಂಡಪ್ಪನ ವಿಷಯ ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮಲ್ಲಿ ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವಾಗ ಅದಕ್ಕಿಂತ ಮುಂಚೆ ಒಂದು ಗುಂಡುಕಲ್ಲನ್ನು ಮೀಯಿಸಿ, ಕುಂಚಿಗೆ ತೊಡಿಸಿ, ಗುಂಡಪ್ಪ ಎಂದು ಕರೆದು ತೊಟ್ಟಿಲಲ್ಲಿ ಮಲಗಿಸುತ್ತಾರೆ. ಮಲಗಿಸುವ ಮುಂಚೆ ತೊಟ್ಟಿಲಿನ ಎರಡು ಬದಿ ಕೂತ ಹೆಂಗಸರು ಅವನನ್ನು ಕೆಳಗಿನಿಂದ ಈಕೆ ಆಕೆಗೆ, ಆಕೆ ಈಕೆಗೆ ದಾಟಿಸುತ್ತಾರೆ. ಬರುವ ಕೆಟ್ಟ ಕಣ್ಣೆಲ್ಲ ಮೊದಲು ಅವನಿಗೆ ತಾಗಲಿ, ಆಮೇಲೆ ಮಲಗುವ ಕೂಸು ಅವನಂತೆ ಗಟ್ಟಿಯಾಗಿ ಬಾಳಲಿ ಎಂದು. ಹೆಚ್ಚಿನ ಮನೆಗಳಲ್ಲಿ ರುಬ್ಬುವ ಗುಂಡೇ ಗುಂಡಪ್ಪ. ನಮ್ಮವ್ವನ ಗುಂಡಪ್ಪ ಬೇರೆ: ಅವ್ವ ಮದುವೆಯಾಗಿ ಹೊರಟಾಗ ಅವಳ ತಾಯಿ ಹಿರಣ್ಯಕೇಶಿ ಹೊಳೆಯಿಂದ ಆರಿಸಿ ತಂದು ಉಡಿಯಲ್ಲಿ ಕಟ್ಟಿ ಕಳಿಸಿದ ಕಲ್ಲು. ನಾನು, ನನ್ನ ತಂಗಿಯರು, ಗೌರಿ, ಜಯಸಿಂಗಪುರ ಕುರುಂದವಾಡದ ನೆಂಟರ ಮಕ್ಕಳು, ಎಲ್ಲರೂ ಅವನು ಮಲಗಿ ಬೆಚ್ಚಗೆ ಮಾಡಿದ ತೊಟ್ಟಿಲಲ್ಲೇ ಮಲಗಿದವರು. ನನಗಿಂತ ಮೊದಲು ತೊಟ್ಟಿಲು ಕಂಡವನು. ಅಂದ ಮೇಲೆ ಅಣ್ಣನೇ. ನನಗೆ ಹೇಗೆ ಗೊತ್ತಿರಬೇಕು? ಅದು ಹೆಂಗಸರ ಕಾರ್ಯ, ಗಂಡಸರು ಹೊರಗೆ ಕೂತು ಊಟದ ಹಾದಿ ಕಾಯುವವರು. ದೂರದಿಂದ ಕುಂಚಿಗೆಯಲ್ಲಿ ಸುತ್ತಿದ ಗಂಟನ್ನು ಕಂಡಿದ್ದೆನೇ ಹೊರತು ಅಣ್ಣನ ಮುಖ ಕಂಡಿರಲಿಲ್ಲ.

"ಅದಾನ, ಇಲ್ಲೇ ಎಲ್ಲೋ ಅದಾನ ಬಿಡವ್ವ," ಎಂದೆ. ಒಳಗಿನ ಕೋಣೆಯಲ್ಲಿ ಡ್ರಮ್ಮು ಗರಗರ ಅನ್ನುತ್ತಿತ್ತು. ಅದರೊಳಗೆ ನಮ್ಮಣ್ಣ ಉರುಳುತ್ತಿದ್ದ.

"ಹುಡುಕಿಡು. ಅಂವ ಮಲಗಲಾರದ ತೊಟ್ಲಾಗ ನನ್ನ ಮರಿಮಗಳನ್ನ ಹಾಕಗೊಡಾಂಗಿಲ್ಲ. ನಮ್ಮವ್ವ ಕೊಟ್ಟಿದ್ದು ಅದೊಂದ ಉಳದೈತಿ ನನ್ನ ಕಡೆ," ಎಂದಳು ಅವ್ವ. ಗದರಿಸಿ ಅಂದಿದ್ದರೆ ಚಲೋ ಇತ್ತು. ಸಹಜವಾಗಿ ಅಂದಳು.

ಅವ್ವ ಮಲಗಿದ ಹೊತ್ತು ನೋಡಿ ಡ್ರಮ್ಮು ತೆರೆದೆ. ಅಣ್ಣನನ್ನು ತೊಳೆದು, ಒರೆಸಿ ನೋಡಿದರೆ ಜೀವವೇ ಹಾರಿತು. ಕರಿ ಬಣ್ಣ ಮಾಯ. ಮೈಯೆಲ್ಲ ವಿಭೂತಿ ಬಳಿದಂತೆ ಬಿಳಿಚಿಕೊಂಡಿದ್ದಾನೆ, ಮೊದಲಿಗಿಂತ ಸೊರಗಿದ್ದಾನೆ, ಮುಟ್ಟಿದರೆ ಸೀಮೆಸುಣ್ಣ ಮುಟ್ಟಿದಂತೆ. ನಡುವಿನ ಹಂತದಲ್ಲಿ ಎಲ್ಲ ಕಲ್ಲೂ ಹಾಗೇ ಕಾಣುತ್ತವೆ, ನನಗೆ ಗೊತ್ತು. ಒದ್ದೆ ಮಾಡಿದರೆ ಒಳಗಿನದು ಕಾಣುತ್ತಿತ್ತು, ಅದೂ ಗೊತ್ತು. ಆದರೆ ಆ ಗಾಬರಿಯಲ್ಲಿ ತೋಚಲಿಲ್ಲ. ತೋಚಿದ್ದರೂ, ಅಣ್ಣ ಎಂದು ತಿಳಿದ ಮೇಲೆ ನೆಕ್ಕುವುದು ಹೇಗೆ? ಅಷ್ಟರಲ್ಲಿ ಶಾಂತಾ ಬಂದಳು. ನೋಡಿದಳು. ಬಾಯಿಗೆ ಸೆರಗು ಒತ್ತಿಕೊಂಡಳು.

"ಅಯ್ಯ ಶಿವನ! ಅತ್ಯಾರ ಗುಂಡಪ್ಪನ್ನ ಹಿಂಗ ಮಾಡೀರಾ? ಇದನ್ನ ತೋರಿಸಿದ್ರ ಮುದುಕಿ ಎದಿ ಒಡಕೊಂಡು ಸಾಯ್ತಾರ್ರಿ!"

"ಹಿಂದಕ್ಕ ಹೋಗಾಕ ಬರೂದಿಲ್ಲ, ಶಾಂತಾ. ಮುಂದಕ್ಕ ಹೋಗಬೇಕು. ಇನ್ನೊಂದು ವಾರ ಸಣ್ಣ ಪುಡಿ, ಇನ್ನೊಂದು ವಾರ ಹೊಳಪಿನ ಪುಡಿ. ಆ ದಿನಕ್ಕ ಸರಿ ಹೋಗತದ."

"ಹೋಗಲಿಲ್ಲಂದ್ರ?"

ನಾನು ಸಣ್ಣ ಪುಡಿಯ ಚೀಲ ಬಿಚ್ಚಿ ಡ್ರಮ್ಮಿಗೆ ಸುರಿದೆ. ಅವಳೇ ಡ್ರಮ್ಮಿನ ಮುಚ್ಚಳ ಎತ್ತಿ ಕೊಟ್ಟಳು. ಮದುವೆಯಾದಾಗಿನಿಂದ ಅವಳು ನನ್ನ ಯಾವುದೇ ಹುಚ್ಚಿಗೆ ಮುಚ್ಚಳ ಎತ್ತಿ ಕೊಟ್ಟದ್ದು ಅದೇ ಮೊದಲು.

ಆ ಎರಡು ವಾರ ನಾನು ಡ್ರಮ್ಮಿನ ಮುಂದೆ ಕೂತ ಹಾಗೆ ಎಂದೂ ದೇವರ ಮುಂದೆ ಕೂತವನಲ್ಲ. ಇದರ ನಡುವೆ ಒಂದು ವಿಚಿತ್ರ ನಡೆಯಿತು. ಡ್ರಮ್ಮಿನ ಕೋಣೆಗೂ ಬಾಣಂತಿಯ ಕೋಣೆಗೂ ನಡುವೆ ಒಂದೇ ಗೋಡೆ. ಡ್ರಮ್ಮು ತಿರುಗುತ್ತಿರುವತನಕ ಕೂಸು ಹಾಯಾಗಿ ನಿದ್ದೆ ಮಾಡುತ್ತದೆ, ನಿಂತರೆ ಚಿಟ್ಟನೆ ಚೀರುತ್ತದೆ! ಒಂದು ಮಧ್ಯಾಹ್ನ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚಿದವು, ಡ್ರಮ್ಮು ನಿಂತಿತು, ಕೂಸು ಕಿರುಚತೊಡಗಿತು. ಗೌರಿ ಎತ್ತಿದಳು, ಶಾಂತಾ ಎತ್ತಿದಳು, ಸುಮ್ಮನಾಗಲಿಲ್ಲ. ಆಗ ಅವ್ವ ಕೂಗಿ ಹೇಳಿದಳು: "ಬಸೂ, ನಿನ್ನ ಆ ಗರಗರಾ ಕೈಲಿಂದ ತಿರಿಗಿಸಪಾ! ಕೂಸಿಗಿ ಅದ ಜೋಗಳ ಆಗೇತಿ."

ನಾನು ನೆಲದ ಮೇಲೆ ಕೂತು ಎರಡೂ ಕೈಯಿಂದ ಡ್ರಮ್ಮು ಉರುಳಿಸತೊಡಗಿದೆ. ಕೈ ಸೋತಾಗ ಶಾಂತಾ ಉರುಳಿಸಿದಳು. ಅವಳೂ ಸೋತಾಗ ಅವ್ವನೇ ಬಂದು ಕೋಲು ಬದಿಗಿಟ್ಟು ಕೂತು, ಸುಕ್ಕಾದ ತನ್ನ ಅಂಗೈಯಿಂದ ಮೆಲ್ಲಗೆ, ತೊಟ್ಟಿಲು ತೂಗಿದ ಹಾಗೆ ಡ್ರಮ್ಮು ತಿರುಗಿಸಿದಳು. ಕೂಸು ಮಲಗಿತು. ಅದರೊಳಗೆ ಯಾರಿದ್ದಾನೆಂದು ಅವ್ವನಿಗೆ ಗೊತ್ತಿರಲಿಲ್ಲ. ನಾನೂ ಶಾಂತಾಳೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ; ನೋಡಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆವು.

ತೊಟ್ಟಿಲ ಕಾರ್ಯದ ದಿನ ಬಂತು. ಮನೆ ತುಂಬ ಹೆಂಗಸರು. ಕೊಲ್ಹಾಪುರದ ಬೀಗರು, ನನ್ನ ತಂಗಿಯರು, ಪಕ್ಕದ ವಹಿನಿ. ತೊಟ್ಟಿಲಿಗೆ ಸೇವಂತಿ ಸರ ಕಟ್ಟಿತ್ತು. ಅವ್ವ ಕುಂಚಿಗೆಯನ್ನು ತೊಡೆಯ ಮೇಲೆ ಹಾಸಿಕೊಂಡು, "ಎಲ್ಲಿ, ಗುಂಡಪ್ಪನ್ನ ತರ್ರಿ," ಎಂದಳು. ಮನೆ ಸ್ತಬ್ಧವಾಯಿತು ಎಂದು ಬರೆಯಬಹುದು, ಆದರೆ ಹಾಗೇನೂ ಆಗಲಿಲ್ಲ. ಎಲ್ಲರೂ ತಮ್ಮ ತಮ್ಮ ಸೀರೆಯ ಮಾತಿನಲ್ಲಿದ್ದರು. ನಾನೊಬ್ಬನೇ ಬೆವರುತ್ತಿದ್ದೆ. ಒಳಗೆ ಹೋಗಿ ಡ್ರಮ್ಮನ್ನೇ ಹೊತ್ತು ತಂದು ಅವ್ವನ ಮುಂದೆ ಇಟ್ಟೆ. "ಅವ್ವಾ, ನಿನ್ನ ಗುಂಡಪ್ಪ ಇದರಾಗ ಅದಾನ. ಉಪ್ಪಿನಕಾಯಿ ಮ್ಯಾಲಿಂದ ನಾನ ಒಯ್ದೆ. ತಿಳೀಲಾರದ ಒಯ್ದೆ," ಎಂದೆ.

ಅವ್ವ ಡ್ರಮ್ಮು ನೋಡಿದಳು, ನನ್ನನ್ನು ನೋಡಿದಳು. "ಇದರಾಗ? ಅಂದು ನಾ ತಿರಿಗಿಸಿದ್ನೆಲ್ಲ, ಆವಾಗೂ?"

"ಆವಾಗೂ."

ಮುಚ್ಚಳ ತೆಗೆದು, ಬುಟ್ಟಿಯಲ್ಲಿ ಸುರಿದು, ಬಿಂದಿಗೆಯ ನೀರು ಹಾಕಿದೆ. ಬಿಳಿ ರಾಡಿ ಹರಿದುಹೋಯಿತು. ಸೀರೆಯ ಮಾತು ನಿಂತದ್ದು ಆಗ. ಗಡಹಿಂಗ್ಲಜದ ಆ ಹೊಲದ ಕಲ್ಲುಗಳು ಕೆಂಪಗೆ, ಜೇನಿನಂತೆ, ಹಾಲಿನಂತೆ ಬುಟ್ಟಿಯಲ್ಲಿ ಹೊಳೆಯುತ್ತಿದ್ದವು. ನಡುವೆ ನಮ್ಮಣ್ಣ. ಅವನನ್ನು ಎತ್ತಿ ಒರೆಸಿದೆ. ಒರೆಸಿದರೂ ಬಣ್ಣ ಹೋಗಲಿಲ್ಲ! ಆ ಕರಿ ಸಿಪ್ಪೆಯೆಲ್ಲ ಹೋಗಿತ್ತು. ಒಳಗೆ ತಿಳಿ ನೀಲಿ, ಅದರೊಳಗೆ ಬಿಳಿ ಬಳೆ, ಅದರೊಳಗೆ ಮತ್ತೆ ನೀಲಿ ಬಳೆ, ಉಳ್ಳಾಗಡ್ಡೆಯನ್ನು ಅಡ್ಡಡ್ಡ ಕೊಯ್ದ ಹಾಗೆ ಬಳೆಯೊಳಗೆ ಬಳೆ, ನಟ್ಟನಡುವೆ ಸಕ್ಕರೆ ಹರಳಿನಂತೆ ಮಿಣುಕುವ ಒಂದು ಚುಕ್ಕೆ. ನಾನು ಹುಟ್ಟುವ ಮೊದಲಿನಿಂದ ಈ ಮನೆಯಲ್ಲಿ ಶೇಂಗಾ ಒಡೆದದ್ದು, ಬಾಗಿಲು ತಡೆದದ್ದು, ಉಪ್ಪಿನಕಾಯಿ ಕಾಯ್ದದ್ದು ಇದೇ ಏನು? ಎಂಥ ಬೆರಗು ಶಿವನೇ! ವಹಿನಿ "ಅಗಬಾಯೀ!" ಎಂದು ಗಲ್ಲಕ್ಕೆ ಬೆರಳಿಟ್ಟುಕೊಂಡರು.

ಅವ್ವ ಅವನನ್ನು ಅಂಗೈಯಲ್ಲಿಟ್ಟುಕೊಂಡಳು. ತೂಗಿ ನೋಡಿದಳು. "ಸೊರಗ್ಯಾನ," ಎಂದಳು. ಕಿಟಕಿಯ ಬಿಸಿಲಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಕಣ್ಣಿಂದ ನೀರು ಇಳಿಯಿತು.

"ಯವ್ವಾ," ಎಂದಳು, ನಮ್ಮನ್ನಲ್ಲ, ಎಂದೋ ಹೋದ ತನ್ನ ತಾಯಿಯನ್ನು. "ಇಂಥಾದ್ದು ಕೊಟ್ಟಿದ್ದೇನ ಬೇ ನನಗ? ನಾ ಉಪ್ಪಿನಕಾಯಿ ಮ್ಯಾಲ ಕುಂಡ್ರಿಸಿದ್ನೆಲ್ಲ!"

ನನ್ನ ಜೀವ ತಂಪಾಯಿತು. ಬಚಾವಾದೆ ಎಂದುಕೊಂಡೆ. ಕುಂಚಿಗೆ ಎತ್ತಿ ಅವ್ವನ ಕೈಗೆ ಕೊಡಹೋದೆ. ಅವ್ವ ತಲೆ ಅಲ್ಲಾಡಿಸಿದಳು.

"ಇವನ್ನ ಇನ್ನ ಹಾಕಾಕ ಬರೂದಿಲ್ಲಪಾ. ಗುಂಡಪ್ಪ ಅಂದ್ರ ಕರ್ರಗ, ಒಡ್ಡೊಡ್ಡಾಗಿ ಇರಬೇಕು. ಮಂದಿ ಕಣ್ಣು ಅವಗ ತಾಗಿದ್ರೂ ಏನೂ ಆಗಬಾರದು. ಇಂವ ಈಗ ಕೂಸಿಗಿಂತ ಚೆಂದ ಕಾಣಾಕತ್ತಾನ. ಇವಗ ದೃಷ್ಟಿ ತೆಗೀಬೇಕು ಈಗ!"

"ಮತ್ತ ಕೂಸಿನ ಮೊದಲ ಯಾರನ್ನ ಹಾಕೂದು, ಆಯಿ?" ಎಂದು ಗೌರಿ ಗಾಬರಿಯಿಂದ ಅಜ್ಜಿಯನ್ನು ಕೇಳಿದಳು.

ಅವ್ವ ಸುತ್ತ ನೋಡಿದಳು. ಬುಟ್ಟಿಯ ಕಲ್ಲುಗಳೆಲ್ಲ ಹೊಳೆಯುತ್ತಿದ್ದವು. ರುಬ್ಬುವ ಗುಂಡು ಮಿಕ್ಸರು ಬಂದಾಗಲೇ ಮನೆ ಬಿಟ್ಟಿತ್ತು; ಉಳಿದಂತೆ ಮನೆಯಲ್ಲಿ ಹೊಳಪಿಲ್ಲದ ಒಂದು ಕಲ್ಲನ್ನೂ ನಾನು ಉಳಿಸಿರಲಿಲ್ಲ. ಅವ್ವನ ದೃಷ್ಟಿ ತಿರುಗಿ ತಿರುಗಿ ಬಂದು ನನ್ನ ಮೇಲೆ ನಿಂತಿತು. ಕರ್ರಗೆ, ಗುಂಡಗೆ, ಒಡ್ಡೊಡ್ಡಾಗಿ, ಯಾರ ಕಣ್ಣು ತಾಗಿದರೂ ಏನೂ ಆಗದಂಥದು. "ಅಣ್ಣನ ಕೆಲಸ ಕಳದಂವ ಅಣ್ಣನ ಕೆಲಸ ಮಾಡ್ಲಿ," ಎಂದಳು. ಶಾಂತಾ ಒಂದು ಕ್ಷಣವೂ ತಡಮಾಡದೆ ಕುಂಚಿಗೆಯನ್ನು ತಂದು ನನ್ನ ಬೋಳುತಲೆಗೆ ಬಿಗಿದಳು. ಗದ್ದದ ಕೆಳಗೆ ಕಸೆ ಕಟ್ಟಲು ಬರದಿದ್ದಾಗ ಪಿನ್ನು ಹಾಕಿದಳು.

ತೊಟ್ಟಿಲಿನ ಈ ಬದಿಯಿಂದ ನಾನು ಅಂಬೆಗಾಲಿಟ್ಟು ಅದರ ಕೆಳಗೆ ಹೊಕ್ಕೆ. "ಗುಂಡಪ್ಪ ಬಂದಾನ್ರಿ, ತೊಗೋರಿ!" ಎಂದಳು ಒಬ್ಬ ತಂಗಿ. "ಬಂದ್ರ ಬರಲ್ರಿ, ಗಟ್ಟಿ ಅದಾನಿಲ್ಲ ನೋಡ್ತೇವಿ!" ಎಂದಳು ಇನ್ನೊಬ್ಬಳು. ನೋಡುವ ಕ್ರಮವೆಂದರೆ ಬೆನ್ನ ಮೇಲೆ ಗುದ್ದುವುದು. ಕೂಸಿಗೆ ಹೆಸರಿಡುವ ಸೋದರತ್ತೆಗೆ ಗುದ್ದುವುದು ಸಂಪ್ರದಾಯ; ಕಲ್ಲು ಸಿಕ್ಕರೆ ಯಾರು ಬಿಡುತ್ತಾರೆ? ತಂಗಿಯರು ಬಾಲ್ಯದ ಬಾಕಿಯನ್ನೆಲ್ಲ ತೀರಿಸಿಕೊಂಡರು. ಬೀಗಿತ್ತಿಯೂ ಮರ್ಯಾದೆಯಿಂದ ಒಂದು ಕೊಟ್ಟರು. ನಡುವೆ ಮೊಣಕಾಲು ಹಿಡಿದುಕೊಂಡು ನಾನು ಅರ್ಧದಲ್ಲೇ ಕೂತುಬಿಟ್ಟೆ. ಮೇಲೆ ಕೂಸನ್ನು ಮಲಗಿಸಿದರು, ಕಿವಿಯಲ್ಲಿ ಹೆಸರು ಹೇಳಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಮೊಮ್ಮಗಳಿಗೆ ಏನು ಹೆಸರಿಟ್ಟರೆಂದು ನನಗೆ ಮಾರನೆಯ ದಿನ ಗೊತ್ತಾಯಿತು. ಆದರೆ ಕೆಳಗಿನಿಂದ ಕಂಡದ್ದೇನು ಗೊತ್ತೇ? ತೊಟ್ಟಿಲಿನ ಹಲಗೆಯ ಸಂದಿಯಲ್ಲಿ ಒಂದು ಪುಟ್ಟ ಹಿಮ್ಮಡಿ. ಅಷ್ಟೇ. ನೋಡುತ್ತ ಕೂತೆ. ನಮ್ಮಣ್ಣ ಇಷ್ಟು ವರ್ಷ ಇದನ್ನು ಎಷ್ಟು ಸಲ ನೋಡಿದನೋ, ಒಮ್ಮೆಯಾದರೂ ಯಾರಿಗಾದರೂ ಹೇಳಿದನೇ?

ಈಗ ಅಣ್ಣ ಅವ್ವನ ತಲೆದಿಂಬಿನ ಬಳಿ ಕಿಟಕಿಯಲ್ಲಿ ಕೂತಿದ್ದಾನೆ. ಬೆಳಿಗ್ಗೆ ಬಿಸಿಲು ಬಂದಾಗ ಅವ್ವ ಅವನಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಾಳೆ. ಉಪ್ಪಿನಕಾಯಿಯ ಮೇಲೆ ತಂಬಿಗೆ ಕಾಯಂ ಆಗಿದೆ. ತೊಟ್ಟಿಲ ಕೆಳಗಿನ ನನ್ನ ವಿಡಿಯೋವನ್ನು ಯಾರೋ ಪುಣ್ಯಾತ್ಮರು ನೆಂಟರಿಗೆಲ್ಲ ಕಳಿಸಿದ್ದರು. ಮೊನ್ನೆ ಜಯಸಿಂಗಪುರದಿಂದ ಫೋನು ಬಂತು. ಅಲ್ಲಿಯೂ ಒಂದು ಕೂಸನ್ನು ತೊಟ್ಟಿಲಿಗೆ ಹಾಕುವುದಿದೆಯಂತೆ. ಮೊದಲೆಲ್ಲ ಅವರು ಅವ್ವನಿಗೆ ಫೋನು ಮಾಡಿ, "ಗುಂಡಪ್ಪನ್ನ ಕಳಿಸಿಕೊಡ್ರಿ," ಎನ್ನುತ್ತಿದ್ದರು. ಈಗಲೂ ಅದನ್ನೇ ಅಂದರು. ಶಾಂತಾ ಒಂದು ಚೀಲದಲ್ಲಿ ಕುಂಚಿಗೆ, ಎರಡು ಪಿನ್ನು, ಮೊಣಕಾಲಿಗೆ ಹಚ್ಚುವ ಎಣ್ಣೆ ಇಟ್ಟಿದ್ದಾಳೆ. ಹೋಗುತ್ತೇನೆ. ಹೋಗದೆ ಇರುವುದು ಹೇಗೆ? ನಮ್ಮಣ್ಣ ಇಷ್ಟು ವರ್ಷದಲ್ಲಿ ಒಂದು ಸಲವೂ ಒಲ್ಲೆ ಅಂದವನಲ್ಲ.